ವಿದ್ಯುತ್ ವಾಹನಕ್ಕೆ ಯಾವ ಚಾರ್ಜರ್, ಯಾವ ಸಾಕೆಟ್: ಹೊಂದಾಣಿಕೆ ಮತ್ತು ಸುರಕ್ಷತೆಯ ಕೈಪಿಡಿ

ವಿದ್ಯುತ್ ಸ್ಕೂಟರನ್ನೋ ಕಾರನ್ನೋ ಕೊಂಡವರು ಚಾರ್ಜರ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಈ ಪಿನ್ ನಮ್ಮ ಗಾಡಿಗೆ ಕೂರುತ್ತದೆಯೇ" ಎಂಬುದು. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಮನೆಗೆ ಬರುವ 230 ವೋಲ್ಟಿನ ಎಸಿ (ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ತು ಬ್ಯಾಟರಿಗೆ ಬೇಕಾದ ಡಿಸಿಯಾಗಿ (ಒಂದೇ ದಿಕ್ಕಿಗೆ ಹರಿಯುವುದಾಗಿ) ಬದಲಾಗುವುದು ಎಲ್ಲಿ? ಬ್ಯಾಟರಿ ತುಂಬಿಸಿಕೊಳ್ಳುವುದು ಡಿಸಿಯನ್ನು ಮಾತ್ರ. ಆ ಬದಲಾವಣೆ ಗಾಡಿಯ ಒಳಗೇ ನಡೆಯುವುದಾದರೆ ನಾವು ಹೊರಗಿನಿಂದ ಕೊಡುವುದು ಬರಿಯ ಎಸಿ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂಬ ಲೆಕ್ಕವನ್ನು ಗಾಡಿಯೇ ನೋಡಿಕೊಳ್ಳುತ್ತದೆ. ಬದಲಾವಣೆ ಹೊರಗಿನ ಪೆಟ್ಟಿಗೆಯಲ್ಲಿ ನಡೆಯುವುದಾದರೆ ಆ ಪೆಟ್ಟಿಗೆಗೆ ನಿಮ್ಮ ಬ್ಯಾಟರಿಯ ಸ್ವಭಾವ ಚೆನ್ನಾಗಿ ಗೊತ್ತಿರಬೇಕು, ಇಲ್ಲವೇ ಗಾಡಿಯೊಡನೆ ಮಾತಾಡಿ ತಿಳಿದುಕೊಳ್ಳುವ ಸಾಮರ್ಥ್ಯವಾದರೂ ಇರಬೇಕು. ಇವೆರಡೂ ಇಲ್ಲದ ಪೆಟ್ಟಿಗೆಯ ಪಿನ್ ಎಷ್ಟೇ ಚೆನ್ನಾಗಿ ಕೂತರೂ ಅದು ನಿಮ್ಮ ಗಾಡಿಯ ಚಾರ್ಜರ್ ಅಲ್ಲ.

ಸ್ಥೂಲವಾಗಿ ಹೇಳುವುದಾದರೆ, ಮನೆಯಲ್ಲಿ ಚಾರ್ಜ್ ಮಾಡುವ ಕಾರುಗಳೆಲ್ಲ ಮೊದಲ ಬಗೆಗೆ ಸೇರುತ್ತವೆ. ಗೋಡೆಗೆ ಕೂರಿಸಿದ ಪೆಟ್ಟಿಗೆಯನ್ನು ನಾವು ಚಾರ್ಜರ್ ಎಂದು ಕರೆದರೂ ನಿಜವಾದ ಚಾರ್ಜರ್ ಕಾರಿನ ಒಳಗಿರುತ್ತದೆ. ಹೆದ್ದಾರಿಯ ಬದಿಯ ವೇಗದ ಚಾರ್ಜಿಂಗ್ ಕೇಂದ್ರಗಳು ಎರಡನೆಯ ಬಗೆಗೆ ಸೇರುತ್ತವೆ. ಕಪ್ಪು ಇಟ್ಟಿಗೆಯಂಥ ಪೆಟ್ಟಿಗೆಯನ್ನು ಸಾಕೆಟ್ಟಿಗೂ ಗಾಡಿಗೂ ನಡುವೆ ಇಟ್ಟು ಚಾರ್ಜ್ ಮಾಡುವ ಬಹಳಷ್ಟು ಸ್ಕೂಟರುಗಳು, ವಿದ್ಯುತ್ ಸೈಕಲ್ಲುಗಳು ಮತ್ತು ಇ-ರಿಕ್ಷಾಗಳೂ ಎರಡನೆಯ ಬಗೆಯವೇ. ಹೊಂದಾಣಿಕೆಯ ಅಪಾಯ ಹೆಚ್ಚಿರುವುದು ಈ ಕೊನೆಯ ಗುಂಪಿನಲ್ಲಾದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಸ್ಕೂಟರ್ ಚಾರ್ಜರಿನ ಲೇಬಲ್ ಓದುವುದು

ನೋಂದಣಿಯಾಗುವ, ಹೆಸರುವಾಸಿ ಕಂಪನಿಗಳ ಈಚಿನ ಸ್ಕೂಟರುಗಳಲ್ಲಿ ಚಾರ್ಜರಿಗೂ ಬ್ಯಾಟರಿಗೂ ನಡುವೆ ಸಂಕೇತಗಳ ವಿನಿಮಯ ಇರುವುದರಿಂದ, ಬೇರೆ ಚಾರ್ಜರನ್ನು ಚುಚ್ಚಿದರೂ ಅದು ಸಾಮಾನ್ಯವಾಗಿ ಆರಂಭವೇ ಆಗುವುದಿಲ್ಲ. ಚಿಂತೆ ಇರುವುದು ಕಡಿಮೆ ವೇಗದ ಗಾಡಿಗಳ ಬಗ್ಗೆ. 250 ವ್ಯಾಟಿನೊಳಗಿನ ಮೋಟಾರು ಮತ್ತು ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ ಗಾಡಿಗಳಿಗೆ ನೋಂದಣಿ ಬೇಕಿಲ್ಲ. ಇವುಗಳ ಚಾರ್ಜರ್ ಕೆಟ್ಟಾಗ ಅಂಗಡಿಯಲ್ಲಿ "60 ವೋಲ್ಟಿನದು ಕೊಡಿ" ಎಂದು ಕೇಳಿ ತಂದುಬಿಡುವುದು ರೂಢಿಯಾಗಿದೆ. ಆ 60 ವೋಲ್ಟ್ ಅಥವಾ 48 ವೋಲ್ಟ್ ಎಂಬುದು ಬ್ಯಾಟರಿಯ ಹೆಸರಷ್ಟೇ. ಚಾರ್ಜರ್ ನಿಲ್ಲಬೇಕಾದ ವೋಲ್ಟೇಜ್ ಬೇರೆಯೇ ಇರುತ್ತದೆ ಮತ್ತು ಅದು ಬ್ಯಾಟರಿಯ ಒಳಗಿನ ರಸಾಯನದ ಮೇಲೆ ನಿಂತಿರುತ್ತದೆ.

48 ವೋಲ್ಟಿನ ಉದಾಹರಣೆಯನ್ನೇ ನೋಡಿ. 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ ಅದು 48 ವೋಲ್ಟ್. ಅದನ್ನು ತುಂಬಿಸಲು ಸುಮಾರು 58ರಿಂದ 59 ವೋಲ್ಟ್ ಬೇಕು. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ, ಅಂದರೆ ಎನ್‌ಎಂಸಿ ಲಿಥಿಯಂ ಕೋಶಗಳು 13 ಸಾಲಾಗಿ ಇದ್ದರೂ ಅದನ್ನು 48 ವೋಲ್ಟ್ ಎಂದೇ ಮಾರುತ್ತಾರೆ. ಒಂದು ಕೋಶಕ್ಕೆ 4.2 ವೋಲ್ಟಿನಂತೆ ಅದು ತುಂಬುವುದು 54.6 ವೋಲ್ಟಿಗೆ. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಕೋಶಗಳು 16 ಇದ್ದರೆ ಅದಕ್ಕೂ 48 ವೋಲ್ಟ್ ಎಂದೇ ಹೆಸರು, ಕೋಶಕ್ಕೆ 3.65 ವೋಲ್ಟಿನಂತೆ ಅದು ತುಂಬುವುದು 58.4 ವೋಲ್ಟಿಗೆ. ಹೆಸರು ಒಂದೇ ಆದ ಈ ಮೂರು ಬ್ಯಾಟರಿಗಳಲ್ಲಿ, ಎಲ್‌ಎಫ್‌ಪಿಗೆಂದು ಮಾಡಿದ 58.4 ವೋಲ್ಟಿನ ಚಾರ್ಜರನ್ನು ಎನ್‌ಎಂಸಿ ಬ್ಯಾಟರಿಗೆ ಚುಚ್ಚಿದರೆ ಪ್ರತಿ ಕೋಶದ ಮೇಲೆ 4.49 ವೋಲ್ಟಿನ ಒತ್ತಡ ಬೀಳುತ್ತದೆ. ಬ್ಯಾಟರಿಯೊಳಗೆ ಕೋಶಗಳ ಮೇಲೆ ನಿಗಾ ಇಡುವ ಬಿಎಂಎಸ್ ಫಲಕ ಸರಿಯಾಗಿದ್ದರೆ ಸಂಪರ್ಕವನ್ನು ಕಡಿದು ಕಾಪಾಡೀತು. ಅದು ಕೆಟ್ಟಿದ್ದರೆ ತಡೆಯುವವರು ಯಾರೂ ಇಲ್ಲ. ಬಿಎಂಎಸ್ ಇರುವುದು ಕೊನೆಯ ಕಾವಲಿಗೆ. ದಿನವೂ ಅದರ ಮೇಲೆಯೇ ಭಾರ ಹಾಕುವುದು ಸರಿಯಲ್ಲ. ಇದಕ್ಕೆ ತಿರುಗಾಮುರುಗ, 54.6 ವೋಲ್ಟಿನ ಚಾರ್ಜರನ್ನು 16 ಕೋಶಗಳ ಎಲ್‌ಎಫ್‌ಪಿಗೆ ಹಾಕಿದರೆ ಅಪಾಯವೇನೂ ಇಲ್ಲ, ಆದರೆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಮಾರಿದವರು "ಬ್ಯಾಟರಿ ವೀಕ್ ಆಗಿದೆ" ಎಂದು ಹೇಳಿ ಹೊಸದನ್ನು ತೋರಿಸಲು ಇಷ್ಟು ಸಾಕು.

ಆದ್ದರಿಂದ ಹಳೆಯ ಚಾರ್ಜರನ್ನು ಎಸೆಯುವ ಮೊದಲು ಅದರ ಬೆನ್ನಿನ ಲೇಬಲ್ಲಿನಲ್ಲಿ ಔಟ್‌ಪುಟ್ ಎಂಬ ಸಾಲನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಆ ಸಾಲಿನಲ್ಲಿ 54.6, 58.4, 67.2, 84 ಎಂಬಂಥ ದಶಮಾಂಶದ ಅಥವಾ ವಿಚಿತ್ರವೆನಿಸುವ ಸಂಖ್ಯೆ ಇದ್ದರೆ ಅದೇ ನಿಮಗೆ ಬೇಕಾದದ್ದು. 67.2 ಎಂದರೆ 16 ಎನ್‌ಎಂಸಿ ಕೋಶಗಳು, 84 ಎಂದರೆ 20 ಕೋಶಗಳು. ಹೊಸ ಚಾರ್ಜರಿನಲ್ಲಿ ಈ ಸಂಖ್ಯೆ ದಶಮಾಂಶದ ಸಮೇತ ಹೊಂದಬೇಕು. ಆಂಪಿಯರ್ ವಿಷಯದಲ್ಲಿ ಸ್ವಲ್ಪ ಸಡಿಲಿಕೆ ಇದೆ: ಮೂಲ ಚಾರ್ಜರಿಗಿಂತ ಕಡಿಮೆ ಆಂಪಿಯರಿನದಾದರೆ ನಿಧಾನ ತುಂಬುತ್ತದೆ ಅಷ್ಟೇ, ಆದರೆ ಬ್ಯಾಟರಿ ತಯಾರಕರು ಹೇಳಿದ ಮಿತಿಗಿಂತ ಹೆಚ್ಚಿನದು ಬೇಡ. ಲೇಬಲ್ಲಿನಲ್ಲಿ ಔಟ್‌ಪುಟ್ ವೋಲ್ಟೇಜನ್ನೇ ಮುದ್ರಿಸದೆ ಬರೀ "48 ವೋಲ್ಟ್ ಲಿಥಿಯಂ" ಎಂದಷ್ಟೇ ಬರೆದ ಚಾರ್ಜರನ್ನು, ಬೆಲೆ ಎಷ್ಟೇ ಕಡಿಮೆ ಇದ್ದರೂ, ಅಂಗಡಿಯಲ್ಲೇ ಬಿಟ್ಟು ಬನ್ನಿ.

ಪಿನ್ನಿನ ವಿಷಯದಲ್ಲಿ ಇನ್ನೂ ಒಂದು ಅಪಾಯವಿದೆ, ಅದನ್ನು ಯಾರೂ ಎಚ್ಚರಿಸುವುದಿಲ್ಲ. ಅಗ್ಗದ ಹಲವು ಸ್ಕೂಟರುಗಳ ಚಾರ್ಜಿಂಗ್ ತೂತು ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯಲ್ಲಿರುವ ಮೂರು ಪಿನ್ನಿನ ತೂತಿನಂತೆಯೇ ಇರುತ್ತದೆ. ಅಲ್ಲಿಗೆ ಹೋಗಬೇಕಾದದ್ದು ಚಾರ್ಜರಿನಿಂದ ಬರುವ ಡಿಸಿ. ಆದರೆ ಮನೆಯಲ್ಲಿ ಬಿದ್ದಿರುವ ಕಂಪ್ಯೂಟರಿನ ಕೇಬಲ್ಲು ಅದೇ ತೂತಿಗೆ ಅಷ್ಟೇ ಸರಾಗವಾಗಿ ಕೂರುತ್ತದೆ. ಮಕ್ಕಳೋ ಹೊಸಬರೋ ಅದನ್ನು ಒಂದು ಕಡೆ ಸ್ಕೂಟರಿಗೂ ಇನ್ನೊಂದು ಕಡೆ ಗೋಡೆಗೂ ಚುಚ್ಚಿದರೆ 230 ವೋಲ್ಟಿನ ಎಸಿ ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಅದಕ್ಕಿಂತ ಮೇಲಾಗಿ, ಈ ತೂತಿನ ಯಾವ ಪಿನ್ನು ಧನ, ಯಾವುದು ಋಣ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಇಂಥ ಗಾಡಿ ನಿಮ್ಮಲ್ಲಿದ್ದರೆ ಚಾರ್ಜರನ್ನೂ ಅದರ ಕೇಬಲ್ಲನ್ನೂ ಗಾಡಿಯ ಜೊತೆಗೇ ಇಡಿ, ಕಂಪ್ಯೂಟರ್ ಕೇಬಲ್ಲುಗಳನ್ನು ಆ ಜಾಗದಲ್ಲಿ ಇಡಬೇಡಿ, ಪಕ್ಕದ ಮನೆಯವರ ಚಾರ್ಜರನ್ನು ಎರವಲು ತರಬೇಡಿ.

ದ್ವಿಚಕ್ರ ವಾಹನಗಳ ಕನೆಕ್ಟರುಗಳಿಗೆ ಒಂದು ಸಾಮಾನ್ಯ ರೂಪ ಬರುವ ಲಕ್ಷಣಗಳು ಈಗ ಕಾಣುತ್ತಿವೆ. ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ, ಎಸಿ ಮತ್ತು ಡಿಸಿ ಎರಡನ್ನೂ ಒಂದೇ ತೂತಿನಲ್ಲಿ ತೆಗೆದುಕೊಳ್ಳುವ ಕನೆಕ್ಟರಿಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಮನ್ನಣೆ ನೀಡಿತು. ಹೀರೋ ಕಂಪನಿಯ ವಿಡಾ ಸ್ಕೂಟರುಗಳೂ ಇದನ್ನೇ ಬಳಸುತ್ತವೆ. ಓಲಾ ಸ್ಕೂಟರುಗಳದು ಬೇರೆ ಕನೆಕ್ಟರ್. ಸಾರ್ವಜನಿಕ ಕೇಂದ್ರವನ್ನು ನಂಬಿ ದೂರ ಹೊರಡುವ ಸ್ಕೂಟರ್ ಸವಾರರು ಈ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು.

ಹಳೆಯ ಗಾಡಿಯನ್ನು ಕೊಳ್ಳುವವರಿಗೆ ಒಂದು ಮಾತು. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಲಾಯಿತು. ಹೊಸ ನಿಯಮಗಳ ಮೊದಲ ಹಂತ 2022ರ ಡಿಸೆಂಬರ್ 1ರಿಂದಲೂ ಎರಡನೆಯ ಹಂತ 2023ರ ಮಾರ್ಚ್ 31ರಿಂದಲೂ ಜಾರಿಗೆ ಬಂದವು. ಅದಕ್ಕೂ ಮೊದಲು ತಯಾರಾದ ಸ್ಕೂಟರನ್ನು ಕೊಳ್ಳುವುದಾದರೆ ಮೂಲ ಚಾರ್ಜರ್ ಜೊತೆಗೆ ಬರುತ್ತದೆಯೇ, ಬ್ಯಾಟರಿಯನ್ನು ಯಾರಾದರೂ ಬಿಚ್ಚಿ ಕೋಶಗಳನ್ನು ಬದಲಿಸಿದ್ದಾರೆಯೇ ಎಂದು ಕೇಳಿ ತಿಳಿಯದೆ ಮುಂಗಡ ಕೊಡಬೇಡಿ.

ಕಾರು: ಗೋಡೆಯ ಪೆಟ್ಟಿಗೆ ಏನು ಮಾಡುತ್ತದೆ

2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಕಾರಿಗೆ ಮನೆಯ 15 ಆಂಪಿಯರ್ ಸಾಕೆಟ್ಟೇ ಚಾರ್ಜಿಂಗ್ ಕೇಂದ್ರವಾಗಿತ್ತು. ಇಂದಿನ ಕಾರುಗಳ ಜೊತೆ ಬರುವ ಕೈಚೀಲದ ಚಾರ್ಜರ್ ಕೂಡ ಅದೇ ಸಾಕೆಟ್ಟಿಗೆ ಹೋಗುತ್ತದೆ. ವ್ಯತ್ಯಾಸವೆಂದರೆ ಕೇಬಲ್ಲಿನ ನಡುವೆ ಒಂದು ಪೆಟ್ಟಿಗೆ ಮತ್ತು ಕೊನೆಯಲ್ಲಿ ಏಳು ಪಿನ್ನುಗಳ ಟೈಪ್-2 ಗನ್, ಅಂದರೆ ಕಾರಿಗೆ ಚುಚ್ಚುವ ಹಿಡಿ. ಆ ಏಳರಲ್ಲಿ ಐದು ದಪ್ಪ ಪಿನ್ನುಗಳು ವಿದ್ಯುತ್ತು ತರುವ ಮೂರು ಫೇಸು, ಅದು ಮರಳುವ ನ್ಯೂಟ್ರಲ್ ಮತ್ತು ಸುರಕ್ಷತೆಗಾಗಿ ನೆಲಕ್ಕೆ ಸೇರುವ ಅರ್ಥ್‌ಗೆ ಮೀಸಲು; ಉಳಿದ ಎರಡು ಸಣ್ಣ ಪಿನ್ನುಗಳು ಮಾತುಕತೆಗೆ. ಗನ್ನನ್ನು ಕಾರಿಗೆ ಚುಚ್ಚುವವರೆಗೆ ದಪ್ಪ ಪಿನ್ನುಗಳಲ್ಲಿ ವಿದ್ಯುತ್ತೇ ಇರುವುದಿಲ್ಲ. ಪೆಟ್ಟಿಗೆ ಸಣ್ಣ ಪಿನ್ನಿನಲ್ಲಿ 12 ವೋಲ್ಟಿನ ಸಂಕೇತ ಕಳಿಸುತ್ತದೆ. ಕಾರು ಸೇರಿದೊಡನೆ ಅದು 9 ವೋಲ್ಟಿಗೆ ಇಳಿಯುತ್ತದೆ, ಕಾರು ಸಿದ್ಧವಾದಾಗ 6ಕ್ಕೆ ಇಳಿಯುತ್ತದೆ, ಆಗ ಮಾತ್ರ ಪೆಟ್ಟಿಗೆಯೊಳಗಿನ ಸ್ವಿಚ್ಚು ಟಕ್ಕೆಂದು ಮುಚ್ಚಿಕೊಂಡು ವಿದ್ಯುತ್ತು ಹರಿಯುತ್ತದೆ. ಸೆಕೆಂಡಿಗೆ ಸಾವಿರ ಬಾರಿ ಮಿಡಿಯುವ ಅದೇ ಸಂಕೇತದ ಮಿಡಿತದ ಅಗಲವನ್ನು ನೋಡಿ "16 ಆಂಪಿಯರಿಗಿಂತ ಹೆಚ್ಚು ಎಳೆಯುವಂತಿಲ್ಲ" ಅಥವಾ "32ರವರೆಗೆ ಎಳೆಯಬಹುದು" ಎಂಬುದನ್ನು ಕಾರು ಅರಿತುಕೊಳ್ಳುತ್ತದೆ. ಮಳೆಯಲ್ಲಿ ನೆನೆದ ಗನ್ನನ್ನು ಹಿಡಿದರೂ ಶಾಕ್ ಹೊಡೆಯದಿರುವುದಕ್ಕೆ ಈ ಏರ್ಪಾಡೇ ಕಾರಣ.

ಇದರಿಂದ ಹೊಂದಾಣಿಕೆಯ ಬಗ್ಗೆ ಒಂದು ನೆಮ್ಮದಿಯ ಸಂಗತಿ ತಿಳಿಯುತ್ತದೆ: ಟೈಪ್-2 ತೂತಿರುವ ಕಾರಿಗೆ ಯಾವ ಕಂಪನಿಯ ಟೈಪ್-2 ಪೆಟ್ಟಿಗೆಯನ್ನಾದರೂ ಬಳಸಬಹುದು, ಪೆಟ್ಟಿಗೆ ದೊಡ್ಡದಾಯಿತೆಂದು ಕಾರು ಕೆಡುವುದಿಲ್ಲ. ಕಾರಿನೊಳಗಿನ ಚಾರ್ಜರ್ ಎಷ್ಟು ಎಳೆಯಬಲ್ಲದೋ ಅಷ್ಟನ್ನೇ ಎಳೆಯುತ್ತದೆ. 2020ರ ನೆಕ್ಸಾನ್ ಕಾರಿನ ಒಳಗಿನ ಚಾರ್ಜರ್ 3.3 ಕಿಲೋವ್ಯಾಟಿನದು, ಅದಕ್ಕೆ 7.2 ಕಿಲೋವ್ಯಾಟಿನ ಪೆಟ್ಟಿಗೆ ಕೂರಿಸಿದರೂ ಒಳಗೆ ಹೋಗುವುದು 3.3 ಮಾತ್ರ. ಹಣ ಪೋಲಾಗುವುದು ಹೀಗೆ.

ಇದಕ್ಕಿಂತ ಸೂಕ್ಷ್ಮವಾದ ಒಂದು ಬಲೆಯೂ ಇದೆ. 11 ಕಿಲೋವ್ಯಾಟಿನ ಪೆಟ್ಟಿಗೆ 7.2ಕ್ಕಿಂತ ದೊಡ್ಡದು, ಆದ್ದರಿಂದ ಬೇಗ ತುಂಬುತ್ತದೆ ಎಂದು ಭಾವಿಸುವುದು ಸಹಜ. ಆದರೆ 11 ಕಿಲೋವ್ಯಾಟ್ ಎಂಬುದು ಮೂರು ಫೇಸುಗಳಲ್ಲಿ ತಲಾ 16 ಆಂಪಿಯರ್ ಹಂಚಿ ಕೊಡುವ ಲೆಕ್ಕ. ನಿಮ್ಮ ಕಾರಿನ ಒಳಗಿನ 7.2 ಕಿಲೋವ್ಯಾಟಿನ ಚಾರ್ಜರ್ ಒಂದೇ ಫೇಸಿನದಾಗಿದ್ದರೆ, ಅದು ಬಳಸಿಕೊಳ್ಳುವುದು ಮೂರರಲ್ಲಿ ಒಂದನ್ನು ಮಾತ್ರ. 230 ವೋಲ್ಟನ್ನು 16ರಿಂದ ಗುಣಿಸಿದರೆ 3.7 ಕಿಲೋವ್ಯಾಟಷ್ಟೇ ಸಿಗುತ್ತದೆ. ಒಂದು ಫೇಸಿನಲ್ಲಿ 32 ಆಂಪಿಯರ್ ಕೊಡುವ ಸಣ್ಣ ಪೆಟ್ಟಿಗೆ ಅದೇ ಕಾರನ್ನು ಅರ್ಧ ಹೊತ್ತಿನಲ್ಲಿ ತುಂಬಿಸುತ್ತದೆ. ಆದ್ದರಿಂದ ಪೆಟ್ಟಿಗೆ ಕೊಳ್ಳುವಾಗ ಕಿಲೋವ್ಯಾಟ್ ಕೇಳಿ ಸುಮ್ಮನಾಗದೆ "ಒಂದು ಫೇಸಿಗೆ ಎಷ್ಟು ಆಂಪಿಯರ್" ಎಂದು ಕೇಳಿ.

ಅಷ್ಟಕ್ಕೂ 7.2 ಕಿಲೋವ್ಯಾಟ್ ಎಲ್ಲರಿಗೂ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ 50 ಕಿಲೋಮೀಟರ್ ಓಡಿಸುವ ಕುಟುಂಬದ ಕಾರಿಗೆ ಸುಮಾರು ಎಂಟು ಯೂನಿಟ್ ಸಾಕು, 3.3 ಕಿಲೋವ್ಯಾಟಿನ ಚಾರ್ಜರ್ ಅದನ್ನು ಎರಡೂವರೆ ಮೂರು ಗಂಟೆಯಲ್ಲಿ ತುಂಬಿಸಿಬಿಡುತ್ತದೆ. ರಾತ್ರಿಯಿಡೀ ನಿಲ್ಲುವ ಕಾರಿಗೆ ಅವಸರವೇನಿದೆ? ಟ್ಯಾಕ್ಸಿ ಓಡಿಸುವವರು, ಒಂದೇ ಪಾರ್ಕಿಂಗಿನಲ್ಲಿ ಎರಡು ಕಾರು ಇಟ್ಟವರು ಬೇಕಾದರೆ ದೊಡ್ಡದಕ್ಕೆ ಹೋಗಲಿ.

ಡಿಸಿ ವೇಗದ ಚಾರ್ಜಿಂಗಿನಲ್ಲಿ ಇಂದು ಭಾರತದ ಕಾರುಗಳ ರೂಢಿಯ ಕನೆಕ್ಟರ್ ಸಿಸಿಎಸ್-2: ಟೈಪ್-2ರ ಆಕಾರದ ಕೆಳಗೆ ಎರಡು ದಪ್ಪ ಪಿನ್ನುಗಳು ಜೋಡಿಸಿಕೊಂಡಿರುವ ಗನ್. ಸರ್ಕಾರ ಆರಂಭದ ವರ್ಷಗಳಲ್ಲಿ ತಂದ ಭಾರತ್ ಡಿಸಿ-001 ಎಂಬ 15 ಕಿಲೋವ್ಯಾಟಿನ ಬಗೆ ಇ-ವೆರಿಟೊ ಮತ್ತು ಮೊದಲ ತಲೆಮಾರಿನ ಟಿಗೋರ್ ವಿದ್ಯುತ್ ಕಾರುಗಳಿಗೆ ಸೇರಿದ್ದು. ಅದರ ಗನ್ ಸಿಸಿಎಸ್-2 ತೂತಿಗೆ ಕೂರುವುದೇ ಇಲ್ಲ. ಹಳೆಯ ಟಿಗೋರ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮುಚ್ಚಳ ತೆಗೆದು ತೂತನ್ನು ನೋಡಿಯೇ ಮಾತು ಮುಂದುವರಿಸಲಿ. 2023ರಲ್ಲಿ ಬಂದಾಗ ಎಂಜಿ ಕಾಮೆಟ್ ಕಾರಿಗೆ ಡಿಸಿ ಚಾರ್ಜಿಂಗ್ ಇರಲೇ ಇಲ್ಲ. ಅಂಥ ಕಾರಿನಲ್ಲಿ ಹೆದ್ದಾರಿಯ ದೊಡ್ಡ ಕೇಂದ್ರವನ್ನು ನಂಬಿ ಹೊರಟರೆ ಪ್ರಯೋಜನವಿಲ್ಲ.

ಕೇಂದ್ರದ ಮೇಲೆ 60 ಕಿಲೋವ್ಯಾಟ್ ಎಂದು ಬರೆದಿದ್ದರೂ ಎರಡು ಗನ್ನುಗಳಿದ್ದು ಎರಡನೆಯದರಲ್ಲಿ ಇನ್ನೊಂದು ಕಾರು ನಿಂತಿದ್ದರೆ ನಿಮಗೆ ಅರ್ಧವಷ್ಟೇ ದಕ್ಕಬಹುದು. ಬ್ಯಾಟರಿ 80 ಶೇಕಡಾ ದಾಟಿದ ಮೇಲೆ ಕಾರೇ ವೇಗವನ್ನು ತಗ್ಗಿಸುತ್ತದೆ. ಕೊನೆಯ 20 ಶೇಕಡಾಗಾಗಿ ಸರದಿಯಲ್ಲಿ ಇತರರನ್ನು ಕಾಯಿಸುವುದಕ್ಕಿಂತ ಮುಂದಿನ ಕೇಂದ್ರಕ್ಕೆ ಹೊರಡುವುದು ಒಳ್ಳೆಯದು.

ಆನ್‌ಲೈನ್ ಅಂಗಡಿಗಳಲ್ಲಿ ಟೈಪ್-2 ಗನ್ನನ್ನು ಮೂರು ಪಿನ್ನಿನ ಮನೆಯ ಸಾಕೆಟ್ಟಾಗಿ ಬದಲಿಸುವ ಅಡಾಪ್ಟರುಗಳು ಮಾರಾಟಕ್ಕಿವೆ. ಇವುಗಳೊಳಗೆ ಒಂದು ಸಣ್ಣ ರೆಸಿಸ್ಟರನ್ನು ಇಟ್ಟು, ಕಾರು ಬಂದು ಸಿದ್ಧವಾಗಿದೆ ಎಂದು ಪೆಟ್ಟಿಗೆಯನ್ನು ನಂಬಿಸಲಾಗಿರುತ್ತದೆ. ಮೇಲೆ ಹೇಳಿದ ಮಾತುಕತೆಯ ಕಾವಲೆಲ್ಲ ಅಲ್ಲಿಗೆ ಮುಗಿಯಿತು. ಸಾಕೆಟ್ಟಿನಲ್ಲಿ ಏನೂ ಇಲ್ಲದಿದ್ದರೂ ವಿದ್ಯುತ್ತು ಇರುತ್ತದೆ. ಚಾರ್ಜಿಂಗ್ ಗನ್ನಿಗೂ ವಾಹನದ ತೂತಿಗೂ ನಡುವೆ ಅಡಾಪ್ಟರ್ ಬಳಸಬಾರದು, ಎಕ್ಸ್‌ಟೆನ್ಶನ್ ಕೇಬಲ್ ಸೇರಿಸಬಾರದು, ಎತ್ತಿಕೊಂಡು ಓಡಾಡುವ ಸಾಕೆಟ್ ಬೋರ್ಡಿನಿಂದ ಚಾರ್ಜ್ ಮಾಡಬಾರದು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೇ ಇದೆ. ಸಾಕೆಟ್ಟು ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಮಳೆಗಾಲದಲ್ಲಿ ನೀರು ನುಗ್ಗುವ ನೆಲಮಾಳಿಗೆಗಳನ್ನು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ.

ಮನೆಯ ವೈರಿಂಗ್

ಗೀಸರ್ ಕೂಡ ಇದೇ ಸಾಕೆಟ್ಟಿನಲ್ಲಿ ಓಡುತ್ತದಲ್ಲ, ಕಾರಿಗೇನು ವಿಶೇಷ ಎಂದು ಕೇಳುವವರಿದ್ದಾರೆ. ಗೀಸರ್ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ಕಾರು ಎಂಟು ಹತ್ತು ಗಂಟೆ ಬಿಡುವಿಲ್ಲದೆ 15 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿ ಅಲ್ಲಿ 0.1 ಓಮ್ ಪ್ರತಿರೋಧ ಉಂಟಾಯಿತೆನ್ನಿ. 15ರ ವರ್ಗವನ್ನು 0.1ರಿಂದ ಗುಣಿಸಿದರೆ 22.5 ವ್ಯಾಟ್. ರೇಡಿಯೋ ರಿಪೇರಿಯವರ 25 ವ್ಯಾಟಿನ ಬೆಸುಗೆ ಕಡ್ಡಿಯನ್ನು ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಇಟ್ಟು ರಾತ್ರಿಯೆಲ್ಲ ಬಿಟ್ಟಂತೆ ಇದು. ಅದೇ ಸಡಿಲ ಸಾಕೆಟ್ಟಿನಲ್ಲಿ 750 ವ್ಯಾಟಿನ ಸ್ಕೂಟರ್ ಚಾರ್ಜರ್ ಎಳೆಯುವುದು ಮೂರುಕಾಲು ಆಂಪಿಯರ್ ಆದ್ದರಿಂದ ಒಂದು ವ್ಯಾಟಿನಷ್ಟು ಶಾಖ ಮಾತ್ರ ಹುಟ್ಟುತ್ತದೆ. ಸ್ಕೂಟರಿಗೆ ಅರ್ಥಿಂಗ್ ಸರಿಯಿರುವ ಮಾಮೂಲಿ ಮೂರು ಪಿನ್ನಿನ ಸಾಕೆಟ್ ಸಾಕು, ಕಾರಿಗೆ ಸಾಲದು ಎನ್ನುವುದು ಈ ಕಾರಣಕ್ಕೆ.

ಪರೀಕ್ಷೆ ಸುಲಭವಿದೆ. ಹೊಸ ಕಾರನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಒಂದು ಗಂಟೆಯ ನಂತರ ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ಚು ಆರಿಸಿ, ಪ್ಲಗ್ ಎಳೆದು ಅದರ ಪಿನ್ನುಗಳ ಬುಡದ ಪ್ಲಾಸ್ಟಿಕ್ಕನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಪ್ಲಾಸ್ಟಿಕ್ ಕಂದಾಗಿದ್ದರೆ, ಸುಟ್ಟ ಮೀನಿನಂಥ ವಾಸನೆ ಬಂದರೆ ಆ ಸಾಕೆಟ್ಟನ್ನು ಆ ದಿನವೇ ಕೈಬಿಡಿ. ಒಳ್ಳೆಯ ದರ್ಜೆಯ, 16 ಆಂಪಿಯರಿನ ಹೊಸ ಸಾಕೆಟ್ ಹಾಕಿಸಿ, ವೈರಿನ ತುದಿಯ ಸ್ಕ್ರೂಗಳನ್ನು ಬಿಗಿ ಮಾಡಿಸಿ.

ಕಾರಿನ ಸಾಕೆಟ್ಟಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ವೈರು ಬರಬೇಕು, ನಡುವೆ ಇನ್ನಾವ ಪಾಯಿಂಟೂ ಇರಬಾರದು. 16 ಆಂಪಿಯರ್ ಸಾಕೆಟ್ಟಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು ಬೇಕು. ಹಳೆಯ ಮನೆಗಳಲ್ಲಿರುವ 2.5ರ ವೈರಿಗೆ ಎಂಟು ಗಂಟೆಯ ಈ ಕೆಲಸ ಹೊರೆಯಾಗುತ್ತದೆ. 32 ಆಂಪಿಯರಿನ ಪೆಟ್ಟಿಗೆಗೆ ಹತ್ತಿರದ ದೂರಕ್ಕೆ 6 ಚದರ ಮಿಲಿಮೀಟರ್ ನಡೆದೀತು, ಆದರೆ ಪೈಪಿನೊಳಗೆ ದೂರ ಹೋಗುವುದಾದರೆ 10 ಒಳ್ಳೆಯದು. ಅಪಾರ್ಟ್‌ಮೆಂಟಿನ ಮೀಟರ್ ಕೋಣೆಯಿಂದ ನಿಮ್ಮ ಪಾರ್ಕಿಂಗಿಗೆ 60 ಮೀಟರ್ ಇದ್ದರೆ, 6ರ ವೈರಿನಲ್ಲಿ 32 ಆಂಪಿಯರಿಗೆ ಹನ್ನೊಂದು ವೋಲ್ಟ್ ದಾರಿಯಲ್ಲೇ ನಷ್ಟವಾಗಿ 350 ವ್ಯಾಟಿಗೂ ಹೆಚ್ಚು ಗೋಡೆ ಕಾಯಿಸಲು ಹೋಗುತ್ತದೆ. 10ರ ವೈರಿನಲ್ಲಿ ನಷ್ಟ ಆರೇಳು ವೋಲ್ಟಿಗೆ ಇಳಿಯುತ್ತದೆ. ಹೆಚ್ಚು ವಿದ್ಯುತ್ತು ಹರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚಾದ ಎಂಸಿಬಿ ಪದೇ ಪದೇ ಬೀಳುತ್ತದೆಂದು ವೈರು ಬದಲಿಸದೆ ದೊಡ್ಡ ಎಂಸಿಬಿ ಹಾಕುವ ಎಲೆಕ್ಟ್ರಿಷಿಯನ್ ಮಾತಿಗೆ ಒಪ್ಪಬೇಡಿ. ಎಂಸಿಬಿ ಇರುವುದೇ ವೈರನ್ನು ಉಳಿಸಲು.

ಎಂಸಿಬಿ ಮನುಷ್ಯನನ್ನು ಶಾಕ್‌ನಿಂದ ಕಾಪಾಡುವುದಿಲ್ಲ. ಅದಕ್ಕೆ ವಿದ್ಯುತ್ತು ಸೋರಿದೊಡನೆ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಆರ್‌ಸಿಸಿಬಿಯಲ್ಲೂ ಬಗೆಗಳಿವೆ. ಮನೆಗಳಲ್ಲಿ ಅಗ್ಗವೆಂದು ಹಾಕುವ ಎಸಿ ಬಗೆಯದರ ಮುಖದ ಮೇಲೆ ಬರೀ ಒಂದು ಅಲೆಯ ಚಿಹ್ನೆ ಇರುತ್ತದೆ. ಎ ಬಗೆಯದರಲ್ಲಿ ಆ ಅಲೆಯ ಕೆಳಗೆ ಇನ್ನೊಂದು ಸಾಲು ಅರ್ಧ ಅಲೆಗಳಿರುತ್ತವೆ. ಕಾರಿನ ಕಡೆಯಿಂದ ಸ್ವಲ್ಪ ಡಿಸಿ ಸೋರಿದರೆ ಎಸಿ ಬಗೆಯ ಆರ್‌ಸಿಸಿಬಿ ಕುರುಡಾಗಿ, ಬೀಳಬೇಕಾದಾಗ ಬೀಳದೆ ಹೋಗಬಹುದು. ಎ ಬಗೆಯದನ್ನೇ ಹಾಕಿಸಿ; ಜೊತೆಗೆ 6 ಮಿಲಿಆಂಪಿಯರಿನ ಡಿಸಿ ಸೋರಿಕೆಯನ್ನು ಗುರುತಿಸುವ ವ್ಯವಸ್ಥೆ ಗೋಡೆಯ ಪೆಟ್ಟಿಗೆಯಲ್ಲೇ ಇದೆಯೇ ಎಂದು ತಯಾರಕರ ಕೈಪಿಡಿಯಲ್ಲಿ ನೋಡಿ. ಇಲ್ಲದಿದ್ದರೆ ದುಬಾರಿಯಾದರೂ ಬಿ ಬಗೆಯದು ಬೇಕಾಗುತ್ತದೆ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಿ.

ಇನ್ನು ಅರ್ಥಿಂಗ್. ಕಾರಿನ ಚಾರ್ಜರನ್ನು ಚುಚ್ಚಿದೊಡನೆ ಕೆಂಪು ದೀಪ ಹತ್ತಿ ಚಾರ್ಜಿಂಗ್ ನಿರಾಕರಿಸಿದರೆ ಅನೇಕ ಸಲ ಅದು ಅರ್ಥ್ ಸರಿಯಿಲ್ಲ ಎಂಬ ದೂರು. ಆಗ ಕೆಲವರು ಮಾಡುವ ಉಪಾಯವೆಂದರೆ ಸಾಕೆಟ್ಟನ್ನು ಬಿಚ್ಚಿ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಹಾಕಿಬಿಡುವುದು. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಮುಂದೊಂದು ದಿನ ಕಂಬದಿಂದ ಬರುವ ನ್ಯೂಟ್ರಲ್ ವೈರು ಕಿತ್ತುಹೋದರೆ, ಮನೆಯಲ್ಲಿ ಹತ್ತಿರುವ ಫ್ರಿಜ್ಜು, ದೀಪಗಳ ಮೂಲಕ ಫೇಸು ಆ ನ್ಯೂಟ್ರಲ್ಲಿಗೆ ಬಂದು, ಅಲ್ಲಿಂದ ತುಂಡು ವೈರಿನ ಮೂಲಕ ಅರ್ಥ್ ಪಿನ್ನಿಗೆ ಬಂದು, ಕಾರಿನ ಲೋಹದ ಮೈಗೆಲ್ಲ 230 ವೋಲ್ಟ್ ಹರಡುತ್ತದೆ. ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿಗೆ ಕೈ ಹಾಕಿದವರ ಪಾಡೇನು? ಈ ತುಂಡು ವೈರನ್ನು ಯಾರಾದರೂ ಸೂಚಿಸಿದರೆ ಅವರಿಂದ ಬೇರೆ ಕೆಲಸವನ್ನೂ ಮಾಡಿಸಬೇಡಿ. ಪರವಾನಗಿಯಿರುವ ಗುತ್ತಿಗೆದಾರರಿಂದ ಅರ್ಥ್ ಗುಂಡಿಯನ್ನು ಮೀಟರಿನಲ್ಲಿ ಅಳೆಸಿ. ಬೇಸಿಗೆಯಲ್ಲಿ ಒಣಗಿ ಪ್ರತಿರೋಧ ಏರಿದ್ದರೆ ನೀರು ಹಾಕಿಸಿ ಮತ್ತೆ ಅಳೆಸಿ, ತುಕ್ಕು ಹಿಡಿದಿದ್ದರೆ ಹೊಸದನ್ನೇ ಮಾಡಿಸಿ.

ತೋಟದ ಪಂಪ್‌ಸೆಟ್ ಶೆಡ್ಡಿನಲ್ಲಿ ಗಾಡಿ ಚಾರ್ಜ್ ಮಾಡುವ ಆಸೆಯನ್ನೂ ಬಿಡಬೇಕು. ಅಲ್ಲಿ ಎಷ್ಟೋ ಕಡೆ ನ್ಯೂಟ್ರಲ್ ವೈರೇ ಇರುವುದಿಲ್ಲ. ಒಂದು ಫೇಸು ತೆಗೆದು ಭೂಮಿಯನ್ನೇ ನ್ಯೂಟ್ರಲ್ ಮಾಡಿಕೊಂಡು ಬಲ್ಬು ಹತ್ತಿಸುವ ಪದ್ಧತಿಯಿದೆ. ಚಾರ್ಜರಿಗೆ ಅದು ಅಪಾಯಕರ. ನೀರಾವರಿಗೆಂದು ಕೊಟ್ಟ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸುವುದು 2003ರ ವಿದ್ಯುತ್ ಕಾಯಿದೆಯ 126ನೆಯ ಕಲಮಿನಡಿ ಅನಧಿಕೃತ ಬಳಕೆಯೂ ಹೌದು.

ಕೆಲಸ ಆರಂಭಿಸುವ ಮೊದಲು ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 3 ಕಿಲೋವ್ಯಾಟಿನ ಮನೆಯಲ್ಲಿ 3.3ರ ಚಾರ್ಜರ್ ಒಂದೇ ಮಿತಿ ಮೀರುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಮುಂತಾದ ನಿಮ್ಮ ಎಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳಬಹುದು, ಇಲ್ಲವೇ ವಾಹನಕ್ಕೆಂದೇ ಬೇರೆ ಸಂಪರ್ಕ ಪಡೆಯಬಹುದು. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಇಂಥ ಪ್ರತ್ಯೇಕ ಸಂಪರ್ಕಕ್ಕೆ ಅವಕಾಶ ಕೊಟ್ಟಿವೆ. ಅಪಾರ್ಟ್‌ಮೆಂಟಿನ ಸಂಘ ತಕರಾರು ಮಾಡಿದರೆ ಈ ನಿಯಮವನ್ನು ಮುಂದಿಟ್ಟು ಮಾತಾಡಿ.

ದಿನನಿತ್ಯದ ಎಚ್ಚರ, ಮತ್ತು ಬೆಂಕಿ ಕಾಣಿಸಿದರೆ

ದೂರ ಓಡಿ ಬಂದ ಸ್ಕೂಟರಿನ ಬ್ಯಾಟರಿ ಬಿಸಿಯಿರುತ್ತದೆ. ಅರ್ಧ ಗಂಟೆ ತಣಿಯಲು ಬಿಟ್ಟು ಚಾರ್ಜಿಗೆ ಹಾಕಿ. ಬಿಚ್ಚಿ ತೆಗೆಯುವ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಾಗಲಿ, ಹೊರಬಾಗಿಲ ಬಳಿಯಾಗಲಿ, ಮೆಟ್ಟಿಲ ಕೆಳಗಾಗಲಿ ಚಾರ್ಜ್ ಮಾಡಬೇಡಿ, ಏಕೆಂದರೆ ಅನಾಹುತವಾದರೆ ತಪ್ಪಿಸಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಚಾರ್ಜರಿನ ಮೇಲೆ ಬಟ್ಟೆ ಹೊದಿಸಬೇಡಿ. ಮಲೆನಾಡು, ಕರಾವಳಿಯಲ್ಲಿ ಗುಡುಗು ಸಿಡಿಲು ಶುರುವಾದಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಎಳೆದಿಡಿ. ಬ್ಯಾಟರಿ ಎನ್‌ಎಂಸಿ ಬಗೆಯದಾದರೆ ದಿನವೂ 80 ಶೇಕಡಾಕ್ಕೆ ನಿಲ್ಲಿಸುವುದು ಅದರ ಆಯುಷ್ಯಕ್ಕೆ ಒಳಿತು. ಎಲ್‌ಎಫ್‌ಪಿ ಆದರೆ ಆಗಾಗ ಪೂರ್ತಿ ತುಂಬಿಸುವಂತೆ ತಯಾರಕರೇ ಹೇಳುತ್ತಾರೆ.

ಸಾರ್ವಜನಿಕ ಕೇಂದ್ರದಲ್ಲಿ ಗನ್ ಹಿಡಿಯುವ ಮೊದಲು ಕೇಬಲ್ಲಿನ ಹೊದಿಕೆ ಹರಿದಿದೆಯೇ, ಪಿನ್ನುಗಳು ಕರಗಿವೆಯೇ ಎಂದು ಒಮ್ಮೆ ಕಣ್ಣಾಡಿಸಿ, ಕೆಂಪು ತುರ್ತು ಗುಂಡಿ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಆ್ಯಪಿನಲ್ಲಿ ಚಾರ್ಜಿಂಗ್ ನಿಲ್ಲಿಸಿದ ಮೇಲೂ ಗನ್ ಬಿಡದಿದ್ದರೆ ಜಗ್ಗಬೇಡಿ; ಕಾರನ್ನು ಕೀಲಿಯಿಂದ ಲಾಕ್ ಮಾಡಿ ಮತ್ತೆ ತೆರೆದರೆ ಬಹಳ ಕಾರುಗಳಲ್ಲಿ ಬಿಡಿಸಿಕೊಳ್ಳುತ್ತದೆ.

ಬ್ಯಾಟರಿಯಿಂದ ಬುಸ್ಸೆಂಬ ಸದ್ದು, ಸಿಹಿಯಾದ ರಾಸಾಯನಿಕ ವಾಸನೆ, ಬಿಳಿಯ ಅಥವಾ ಬೂದು ಹೊಗೆ ಕಂಡರೆ ಮೊದಲು ಜನರನ್ನು ಹೊರಗೆ ಕಳಿಸಿ. ದಾರಿಯಲ್ಲೇ ಸಿಗುವುದಾದರೆ ಮೀಟರ್ ಬೋರ್ಡಿನಲ್ಲಿ ವಿದ್ಯುತ್ತನ್ನು ಕಡಿಯಿರಿ. ಹೊಗೆ ಬರುತ್ತಿರುವ ಬ್ಯಾಟರಿಯನ್ನು ಎತ್ತಿ ಹೊರಗೊಯ್ಯುವ ಸಾಹಸ ಬೇಡ, ಆ ಹೊಗೆ ವಿಷ ಮತ್ತು ಅದು ಕ್ಷಣದಲ್ಲಿ ಹೊತ್ತಿಕೊಳ್ಳಬಲ್ಲದು. ಪುಡಿ ಎರಚುವ ಅಗ್ನಿಶಾಮಕ ಮೇಲಿನ ಜ್ವಾಲೆಯನ್ನು ಆರಿಸಿದರೂ ಒಳಗಿನ ಕೋಶಗಳ ಕಾವನ್ನು ಇಳಿಸುವುದಿಲ್ಲ, ಆದ್ದರಿಂದ ಆರಿದಂತೆ ಕಂಡದ್ದು ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಕಾವನ್ನು ಇಳಿಸಲು ಹೇರಳ ನೀರೇ ಬೇಕು, ಅದು ಅಗ್ನಿಶಾಮಕ ದಳದವರ ಕೆಲಸ. 101 ಅಥವಾ 112ಕ್ಕೆ ಕರೆ ಮಾಡುವಾಗ ಬರೀ ಬೆಂಕಿ ಎನ್ನದೆ "ಲಿಥಿಯಂ ಬ್ಯಾಟರಿ, ನೆಲಮಾಳಿಗೆಯಲ್ಲಿದೆ" ಎಂದು ಸ್ಪಷ್ಟವಾಗಿ ಹೇಳಿ. ಬರುವವರು ಅದಕ್ಕೆ ತಕ್ಕಂತೆ ಸಿದ್ಧರಾಗಿ ಬರುತ್ತಾರೆ.